ಹತ್ತು ಸಹಿಯ ಹಾಳೆ

ಬೆಳಿಗ್ಗೆ ಒಂಬತ್ತೂವರೆಗೆ ಬೀರುವಿನ ಬೀಗ ತೆಗೆದು ಕಡತ ಹೊರಗಿಟ್ಟೆ. ಅಭ್ಯಾಸಬಲದಿಂದ ಹಾಳೆ ಎಣಿಸಿದೆ. ಮೂರು.

ಮತ್ತೆ ಎಣಿಸಿದೆ. ಮೂರೇ! ನಾಲ್ಕಿರಬೇಕಿತ್ತು.

ಮೂಲೆಯ ತೂತಿನಲ್ಲಿ ಪೋಣಿಸಿದ್ದ ದಾರ ಹಾಗೇ ಇತ್ತು. ಗಂಟೂ ನಾನು ಹಾಕಿದ್ದೇ. ಎರಡು ಹಾಳೆಗಳ ನಡುವೆ, ದಾರಕ್ಕೆ ಸಿಕ್ಕಿಕೊಂಡು, ಉಗುರಗಲದ ಒಂದು ಹರಿದ ಚೂರು ಉಳಿದಿತ್ತು. ಯಾರೋ ಗಂಟು ಬಿಚ್ಚುವ ತಾಳ್ಮೆಯಿಲ್ಲದೆ ಹಾಳೆಯನ್ನು ಕಿತ್ತಿದ್ದರು.

ಹೋದದ್ದು ಅರ್ಜಿ ಹಾಕಿದ್ದ ದಾದಿಯ ಸಹಿ ಹಾಳೆ. ಅಂದರೆ ಹೋದದ್ದು ನನ್ನ ಕೆಲಸ.

ನಾನು ನಗರಸಭೆಯಲ್ಲಿ ಅರ್ಜಿ ತೆಗೆದುಕೊಳ್ಳುವ ಗುಮಾಸ್ತೆ. ನಮ್ಮಲ್ಲಿ ಕಟ್ಟಡ ಮಂಡಳಿ ಅಂತ ಒಂದಿದೆ. ಯಾರು ಎಷ್ಟೆತ್ತರ ಕಟ್ಟಬಹುದು, ಯಾರು ಕಟ್ಟಿದ್ದನ್ನು ಕೆಡವಬೇಕು ಎಂದು ಹೇಳುವುದು ಅದೇ. ಅದರಲ್ಲಿ ಒಂದು ಕುರ್ಚಿ ಊರಿನ ಸಾಮಾನ್ಯ ನಿವಾಸಿಗೆ ಮೀಸಲು. ಮೊದಲ ಸಲ ಆ ಕುರ್ಚಿಯಲ್ಲಿ ಅಧ್ಯಕ್ಷರ ಷಡ್ಡಕ ಕೂತರು. ಎರಡನೇ ಸಲ ಅಧ್ಯಕ್ಷರ ಸೋದರಳಿಯ. ಆಗ ಜನ ಮೆಟ್ಟಿಲ ಮೇಲೆ ಕೂತು ಗಲಾಟೆ ಮಾಡಿ, ನಿಯಮ ಬದಲಾಯಿಸಿದರು. ಈಗ ಅರ್ಜಿ ಹಾಕುವವರು ಹತ್ತು ನಿವಾಸಿಗಳಿಂದ ಮನೆ ನಂಬರಿನ ಸಮೇತ ಸಹಿ ತರಬೇಕು. ಒಬ್ಬರು ಒಬ್ಬರಿಗೆ ಮಾತ್ರ ಸಹಿ ಹಾಕಬೇಕು. ಇಬ್ಬರಿಗೂ ಹಾಕಿದರೆ ಆ ಎರಡೂ ಸಹಿ ರದ್ದು. ಸಭೆಯ ದಿನ ಆ ಹಾಳೆಗಳು ಬಾಗಿಲ ಬಳಿಯ ಗಾಜಿನ ಹಲಗೆಯಲ್ಲಿ ಊರಿಗೆಲ್ಲ ಕಾಣುವಂತೆ ಇರಬೇಕು.

ಈ ಸಲ ಅರ್ಜಿ ಎರಡೇ, ಒಂದೊಂದರ ಜೊತೆ ಒಂದು ಸಹಿ ಹಾಳೆ. ಒಂದು ಅಧ್ಯಕ್ಷರ ಬಾವಮೈದ, ಕಾಂಟ್ರಾಕ್ಟರ್. ಇನ್ನೊಂದು ನಿವೃತ್ತ ದಾದಿ. ಇಪ್ಪತ್ತೆಂಟು ವರ್ಷ ಹೆರಿಗೆ ವಾರ್ಡಿನಲ್ಲಿದ್ದವರು. ಅರ್ಧ ಊರು ಭೂಮಿಗೆ ಬೀಳುವ ಮೊದಲು ಬಿದ್ದದ್ದು ಅವರ ಕೈಗೆ. ಸಂಜೆ ನಾಲ್ಕಕ್ಕೆ ಸಭೆ. ಸದಸ್ಯರಲ್ಲಿ ಹೆಚ್ಚಿನವರು ಈ ಸಲ ದಾದಿಯ ಕಡೆ ಎಂದು ಗಾಳಿಮಾತು.

ಕಾರ್ಯದರ್ಶಿಗಳು ಕಡತ ನೋಡಿದರು. ನನ್ನನ್ನೂ ನೋಡಿದರು.

"ಬೀರುವಿನ ಕೀಲಿ ಯಾರ ಹತ್ರ ಇರುತ್ತೆ?"

"ನನ್ನ ಹತ್ರ, ಸರ್."

"ಕಡತ ಯಾರ ವಶದಲ್ಲಿತ್ತು?"

"ನನ್ನ ವಶದಲ್ಲೇ—"

"ಹಾಗಾದ್ರೆ ಇನ್ನು ಕೇಳೋದೇನಿದೆ? ನಾಲ್ಕು ಗಂಟೆಯೊಳಗೆ ಹಾಳೆ ಸಿಗ್ಬೇಕು. ಮೂಲ ಹಾಳೆಯೇ ಆಗ್ಬೇಕು, ಗಡುವು ಮುಗಿದಿದೆ, ಹೊಸದಾಗಿ ಸಹಿ ಮಾಡಿಸೋ ಹಾಗಿಲ್ಲ. ಸಿಗದಿದ್ರೆ ನಿಮ್ಮ ಅಮಾನತಿನ ಆದೇಶಕ್ಕೆ ಸಹಿ ಹಾಕ್ತೀನಿ."

ಆದೇಶ ಆಗಲೇ ಟೈಪ್ ಆಗಿತ್ತು! ನನ್ನ ಹೆಸರನ್ನು ಅಷ್ಟು ಬೇಗ, ಅಷ್ಟು ತಪ್ಪಿಲ್ಲದೆ ಅವರು ಹಿಂದೆಂದೂ ಟೈಪ್ ಮಾಡಿಸಿರಲಿಲ್ಲ. ಆಮೇಲೆ ಬೀರುವಿಗೆ ಹೊಸ ಬೀಗ ತರಿಸಿ ಹಾಕಿಸಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಹತ್ತೂವರೆಗೆ ಸುದ್ದಿ ಮೆಟ್ಟಿಲು ಇಳಿದು ಬೀದಿ ಸೇರಿತು. ಜನ ಬಂದರು. ಅರ್ಧ ಜನ ಕಾಂಟ್ರಾಕ್ಟರ್ ಕಳ್ಳ ಅಂದರು. ಉಳಿದರ್ಧ ನಾನೇ ತೆಗೆದುಕೊಟ್ಟೆ ಅಂದರು. ದಾದಿಯೇ ಹಾಳೆ ಮಾಯ ಮಾಡಿ ನಾಟಕ ಆಡುತ್ತಿದ್ದಾಳೆ ಎಂದವರೂ ಇಬ್ಬರಿದ್ದರು. ಎಲ್ಲರಿಗಿಂತ ದೊಡ್ಡ ಗಂಟಲು ದಾದಿಯ ಅಣ್ಣನದು. ಅವನು ಬಡಗಿ. ಹೆಗಲಿನ ಹತ್ಯಾರದ ಚೀಲವನ್ನೂ ಇಳಿಸದೆ, "ನನ್ನ ತಂಗಿಗೆ ಮೋಸ! ಮತ್ತೆ ಸಹಿ ಮಾಡಿಸೋಕೆ ಬಿಡಿ!" ಎಂದು ಕೂಗುತ್ತಿದ್ದ.

ನಾನು ಮನೆಗೆ ಫೋನ್ ಮಾಡಿದೆ. ಗಂಡನಿಗಲ್ಲ, ಅತ್ತೆಗೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಕಾಲ ಅತ್ತೆಯದೇ. ಮೂವತ್ತೆರಡು ವರ್ಷ ಈ ಊರಿನಲ್ಲಿ ಟಪಾಲು ಹಂಚಿದ ಹೆಂಗಸು. ಮುಖ ಮರೆತಾರು, ಮನೆ ನಂಬರು ಮರೆಯರು. ನಾನು ಅಳು ತಡೆದುಕೊಂಡು ಹೇಳಿದ್ದನ್ನೆಲ್ಲ ಕೇಳಿ, "ಮೂಗು ಒರೆಸ್ಕೋ. ಬರ್ತೀನಿ," ಅಂದರು. ಅರ್ಧ ಗಂಟೆಯಲ್ಲಿ ಆ ಹಳೇ ಕ್ಯಾನ್ವಾಸ್ ಬೂಟು ಹಾಕಿಕೊಂಡು ಬಂದೇಬಿಟ್ಟರು. ಕಾರ್ಯದರ್ಶಿಗಳು ಹುಬ್ಬು ಗಂಟಿಕ್ಕಿದರು. ಅತ್ತೆ ಗಮನಿಸಲಿಲ್ಲ.

"ನಾಲ್ಕೂ ಹಾಳೆ ಕೊನೆಗೆ ನೋಡಿದ್ದು ಯಾವಾಗ?"

"ನಿನ್ನೆ ಮೂರಕ್ಕೆ. ಕಾರ್ಯದರ್ಶಿಗಳೇ ಎಣಿಸಿದ್ರು."

"ಬೀರುವಿಗೆ ಹಾಕಿದ್ದು?"

"ಐದಕ್ಕೆ."

"ಹಾಕುವಾಗ ಎಣಿಸಿದ್ಯಾ?"

ನಾನು ನೆಲ ನೋಡಿದೆ.

"ಮಧ್ಯದಲ್ಲಿ ಮೇಜು ಬಿಟ್ಟು ಎದ್ದದ್ದು?"

"ಒಂದೇ ಸಲ. ಚಹಾಕ್ಕೆ. ಹತ್ತು ನಿಮಿಷ."

"ನಿನ್ನ ಹತ್ತು ನಿಮಿಷ ನನಗೆ ಗೊತ್ತಿಲ್ವಾ? ಇಪ್ಪತ್ತು ಅಂತ ಬರ್ಕೋತೀನಿ. ಆಗ ಯಾರ್ಯಾರಿದ್ರು ಇಲ್ಲಿ?"

ಕಾರ್ಯದರ್ಶಿಗಳು ತಮ್ಮ ಕೋಣೆಯಲ್ಲಿದ್ದರು. ಕಾಂಟ್ರಾಕ್ಟರ್ ಮೊದಲು ಬೆಂಚಿನ ಮೇಲಿದ್ದು ಆಮೇಲೆ ಅದೇ ಕೋಣೆಗೆ ಹೋಗಿದ್ದರು. ದಾದಿ ಸಭೆಯ ಹೊತ್ತು ಕೇಳಿಕೊಂಡು ಹೋಗಿದ್ದರು. ಅವರ ಅಣ್ಣ ಪಡಸಾಲೆಯಲ್ಲಿ ಗಾಜಿನ ಹಲಗೆಯ ಕೀಲು ಸರಿಮಾಡುತ್ತಿದ್ದ. ಆ ಕೆಲಸಕ್ಕೆ ಅವನನ್ನು ಕರೆಸಿದ್ದು ನಾನೇ.

ಅತ್ತೆ ಮೊದಲು ಹಿಡಿದದ್ದು ಕಾಂಟ್ರಾಕ್ಟರನ್ನು.

"ಹಾಳೆ ಹೋದ್ರೆ ಲಾಭ ಯಾರಿಗೆ?"

"ನನಗೇ," ಎಂದು ಅವರು ನಕ್ಕರು. "ಅದಕ್ಕೇ ನಾನು ಕದಿಯೋಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋನಲ್ಲ ನಾನು. ಅಮ್ಮಾ, ವಾರಕ್ಕೆ ಎರಡು ಸಲ ಇಲ್ಲಿಗೆ ಕಡತ ತರ್ತೀನಿ. ಇಲ್ಲಿ ಕಾಗದ ಕಳೀಬೇಕು ಅಂದ್ರೆ ಕದೀಬೇಕಾಗಿಲ್ಲ. ಸುಮ್ನೆ ಬಿಟ್ರೆ ಸಾಕು, ತಾನಾಗೇ ಕಳೆಯುತ್ತೆ."

"ನಿನ್ನೆ ಇವಳು ಚಹಾಕ್ಕೆ ಹೋದಾಗ ಎಲ್ಲಿದ್ರಿ?"

"ಕಾರ್ಯದರ್ಶಿಗಳ ಎದುರಿಗೆ ಕೂತಿದ್ದೆ. ಬೇಕಾದ್ರೆ ಅವರನ್ನೇ ಕೇಳಿ."

ಅವರನ್ನೇ ಕೇಳಿದೆವು. "ಹೌದು, ನನ್ನೆದುರಿಗೇ ಇದ್ರು," ಅಂದರು. ಇವರಿಗೆ ಅವರು ಸಾಕ್ಷಿ, ಅವರಿಗೆ ಇವರು! ನನಗೆ ಮೈಯೆಲ್ಲ ಉರಿಯಿತು. ಕಾರ್ಯದರ್ಶಿಗಳು ಅದನ್ನು ಗಮನಿಸಿರಬೇಕು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಿ, ಆ ಅರ್ಜಿ ನನಗೆ ಬೇಡವಾಗಿದ್ರೆ ಕಳ್ಳತನ ಯಾಕೆ? ಒಂದು ಸಹಿ ಸರಿಯಿಲ್ಲ ಅಂತ ಪಕ್ಕದಲ್ಲಿ ಬರೆದಿದ್ರೆ ಮುಗೀತಿತ್ತು. ಇರೋದೇ ಹತ್ತು."

ಅದು ನಿಜ. ಕಾಂಟ್ರಾಕ್ಟರಿಗೆ ಹನ್ನೆರಡು ಸಹಿ. ದಾದಿಗೆ ಸರಿಯಾಗಿ ಹತ್ತು.

ದಾದಿ ಪಡಸಾಲೆಯ ಕೊನೆಯಲ್ಲಿ ನೆಟ್ಟಗೆ ಕೂತಿದ್ದರು. ಹೆರಿಗೆ ವಾರ್ಡಿನ ಹೊರಗೆ ಕಾಯುವ ಗಂಡಸರಂತೆ ಅತ್ತಿತ್ತ ಓಡಾಡುವ ಪೈಕಿಯಲ್ಲ.

"ಹತ್ತೇ ಯಾಕೆ ತಂದ್ರಿ?" ಅತ್ತೆ ಕೇಳಿದರು. "ಇನ್ನೆರಡು ಹಾಕಿಸಿಕೊಳ್ಳಬಾರದಿತ್ತಾ?"

"ಹತ್ತು ಕೇಳಿದ್ರು, ಹತ್ತು ತಂದೆ. ಬರೆದುಕೊಟ್ಟಷ್ಟೇ ಔಷಧಿ ಕೊಟ್ಟು ಅಭ್ಯಾಸ."

"ಮೊದಲ ಸಹಿ ಯಾರದು?"

"ನಮ್ಮಣ್ಣಂದು. ಮುಖ್ಯರಸ್ತೆ ನಲವತ್ತಾರು, ನಮ್ಮ ತವರುಮನೆ. ಬೇರೆ ಯಾರದ್ದು ಮೊದಲು ಹಾಕಿಸ್ಲಿ?" ಆಮೇಲೆ ದನಿ ತಗ್ಗಿಸಿ, "ಕಳೆದ ವರ್ಷ ನಮ್ಮ ಬೀದೀಲಿ ಒಂದು ಗೋಡೆ ಕುಸಿದು ಮಗು ಸತ್ತಿತು. ಆ ಮಗೂನ ಹುಟ್ಟಿದಾಗ ನಾನೇ ಎತ್ಕೊಂಡಿದ್ದು. ಆ ಗೋಡೆಗೆ ಒಪ್ಪಿಗೆ ಕೊಟ್ಟದ್ದು ಈ ಮಂಡಳಿ. ನನಗೆ ಆ ಕುರ್ಚಿ ಬೇಕು," ಅಂದರು.

ನಾನು ಅವರನ್ನೂ ಅನುಮಾನಿಸಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಇಷ್ಟು ಬೇಕಾದವರು ಏನು ಬೇಕಾದರೂ ಮಾಡಿಯಾರು ಎಂದುಕೊಂಡೆ. ಕೆಲಸ ಹೋಗುವ ಹೊತ್ತಿಗೆ ಮನುಷ್ಯನಿಗೆ ಗೋಡೆಯ ಗಡಿಯಾರದ ಮೇಲೂ ಅನುಮಾನ ಬರುತ್ತದೆ.

ಅಣ್ಣನಿಂದ ಏನೂ ಹೊರಡಲಿಲ್ಲ. "ಆ ಕಾಂಟ್ರಾಕ್ಟರ್ ಬೆಂಚಿನ ಮೇಲೆ ಕೂತಿದ್ದ, ಇನ್ನೇನು ನೋಡ್ಬೇಕು?" ಎಂದು ಮತ್ತೆ ಮೆಟ್ಟಿಲಿಗೆ ಹೋಗಿ ಕೂಗತೊಡಗಿದ.

ಎರಡು ಗಂಟೆ. ನನ್ನ ಮೇಜಿನಲ್ಲಿ ಅತ್ತೆ ಕಡತ ತೆರೆದು ಕೂತರು. ಮೊದಲ ಪುಟ ತಿರುವಿ, ಎರಡನೆಯದನ್ನು ತಿರುವಿ, ನನ್ನತ್ತ ತಿರುಗಿದರು.

"ಇದ್ಯಾವ ಜೋಡಣೆ? ಸಹಿ ಮೇಲೆ, ಅರ್ಜಿ ಕೆಳಗೆ?"

"ನಮ್ಮಲ್ಲಿ ಮೊದಲಿಂದ್ಲೂ ಹಾಗೇ, ಅತ್ತೆ. ಸಹಿ ಎಣಿಸೋಕೆ ಸುಲಭ ಅಂತ. ಕೊನೆಗೆ ಬಂದ ಅರ್ಜಿ ಎಲ್ಲಕ್ಕಿಂತ ಮೇಲೆ."

"ಲೋಕದಲ್ಲಿ ಎಲ್ರೂ ಕಾಗದ ಬರೆದು ಕೊನೇಲಿ ಸಹಿ ಹಾಕ್ತಾರೆ. ನೀವು ಚಪ್ಪಲಿ ತಲೆ ಮೇಲೆ ಇಟ್ಕೊಂಡು ಓಡಾಡ್ತೀರಿ. ಈ ಸಹಿ ಹಾಳೆ ಮೇಲೆ ಅಭ್ಯರ್ಥಿ ಹೆಸರೇ ಇಲ್ವಲ್ಲ?"

"ಅಚ್ಚು ಹಾಕ್ಸುವಾಗ ಆ ಸಾಲು ಬಿಟ್ಟು ಹೋಗಿದೆ. ಅದಕ್ಕೇ ಅರ್ಜಿ ಜೊತೆ ದಾರದಲ್ಲಿ ಕಟ್ಟೋದು."

ಅತ್ತೆ ಹರಿದ ಚೂರನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಆಮೇಲೆ ಯಾರೂ ಮಾಡದ ಒಂದು ಕೆಲಸ ಮಾಡಿದರು. ಮೇಲಿದ್ದ ಕಾಂಟ್ರಾಕ್ಟರನ ಸಹಿ ಹಾಳೆಯನ್ನು ಓದತೊಡಗಿದರು. ಸಹಿಗಳನ್ನಲ್ಲ, ಅವು ಹೇಗೂ ಎರೆಹುಳು ಹರಿದಾಡಿದ ಹಾಗಿದ್ದವು. ಮನೆ ನಂಬರುಗಳನ್ನು. ತುಟಿ ಅಲುಗಿಸುತ್ತ, ಒಂದೊಂದಾಗಿ, ಹೆಗಲ ಮೇಲೆ ಟಪಾಲು ಚೀಲವಿರುವಂತೆ.

ಏಳನೆಯ ಸಾಲಿನಲ್ಲಿ ಬೆರಳು ನಿಂತಿತು.

"ಸಿಕ್ತಾ ಅತ್ತೆ?"

"ನಿನ್ನೆ ಗಾಜಿನ ಹಲಗೆ ರಿಪೇರಿ ಮಾಡುವಾಗ ಬಡಗಿ ಏನಾದ್ರೂ ಕೇಳಿದ್ನಾ?"

ನೆನಪಿಸಿಕೊಂಡೆ. "ಈ ಹಲಗೆ ಯಾತಕ್ಕೆ ಅಂದ. ನಾಳೆ ಎರಡೂ ಸಹಿ ಹಾಳೆ ಇದರೊಳಗೆ ಅಕ್ಕಪಕ್ಕ ಹಾಕ್ತೀವಿ, ಊರೆಲ್ಲ ಬಂದು ನೋಡುತ್ತೆ ಅಂದೆ. ಎಲ್ರೂ ನೋಡಬಹುದಾ ಅಂತ ಎರಡು ಸಲ ಕೇಳಿದ. ಆಮೇಲೆ ನಾನು ಚಹಾಕ್ಕೆ—"

ತಿರುಗಿ ಖಾಲಿ ಗಾಜಿನ ಹಲಗೆಯತ್ತ ನೋಡಿದೆ.

"ಅಣ್ಣ ತಂಗಿ ಇಬ್ಬರನ್ನೂ ಹಿಂದಿನ ದಾಸ್ತಾನು ಕೋಣೆಗೆ ಕರಿ," ಅಂದರು ಅತ್ತೆ. "ಬೇರೆ ಯಾರೂ ಬೇಡ."

ಮೂರೂಕಾಲಿಗೆ ನಾವು ನಾಲ್ವರು ಹಳೇ ಕಡತಗಳ ನಡುವೆ ನಿಂತಿದ್ದೆವು. ಬಾಗಿಲು ಹಾಕಿದೆ. ಬಡಗಿ ಚೀಲ ಎದೆಗೊತ್ತಿಕೊಂಡು, "ಕಳ್ಳ ಸಿಕ್ಕನಾ?" ಅಂದ.

"ಸಿಕ್ಕ," ಅಂದರು ಅತ್ತೆ. "ಹಾಳೆ ಯಾರದು ಹೋಯ್ತು ಅಂತ ಎಲ್ರೂ ನೋಡಿದ್ರು. ಯಾವ ಜಾಗದಿಂದ ಹೋಯ್ತು ಅಂತ ಯಾರೂ ನೋಡ್ಲಿಲ್ಲ. ಹರಿದ ಚೂರು ಇದ್ದದ್ದು ಕಾಂಟ್ರಾಕ್ಟರ್ ಅರ್ಜಿಯ ಕೆಳಗೆ. ಈ ಆಫೀಸಿನ ಪದ್ಧತಿ ಗೊತ್ತಿರೋರಿಗೆ ಆ ಜಾಗದ ಹಾಳೆ ದಾದೀದು. ಗೊತ್ತಿಲ್ಲದೋನಿಗೆ? ಅವನು ಕಾಂಟ್ರಾಕ್ಟರ್ ಅರ್ಜಿ ಹುಡುಕಿದ, ಅದರ ಹಿಂದಿನ ಸಹಿ ಹಾಳೆ ಕಿತ್ತ. ಎಲ್ಲ ಕಾಗದದಲ್ಲೂ ಸಹಿ ಕೊನೇಲಿರುತ್ತೆ ಅಲ್ವಾ? ಅವನಿಗೆ ಬೇಕಿದ್ದದ್ದು ಕಾಂಟ್ರಾಕ್ಟರ್ ಹಾಳೆ. ಕೈಗೆ ಬಂದದ್ದು ದಾದಿ ಹಾಳೆ!"

"ಆದ್ರೆ ಕಾಂಟ್ರಾಕ್ಟರೇ ಸರಿಯಾದ ಹಾಳೆ ಕಿತ್ತಿರಬಹುದಲ್ಲ?" ಅಂದೆ.

"ಇರಬಹುದು. ಇಷ್ಟಕ್ಕೇ ಬಿಟ್ಟಿದ್ರೆ ಅದು ಬರೀ ಅನುಮಾನ. ಅದಕ್ಕೇ ಉಳಿದ ಹಾಳೆ ಓದಿದೆ. ಅದು ಊರಿನ ಕಣ್ಣಿಗೆ ಬೀಳಬಾರದು ಅಂತ ಯಾರಿಗಿರಬಹುದು? ಏಳನೇ ಸಾಲು." ಅತ್ತೆ ದಾದಿಯತ್ತ ತಿರುಗಿದರು. "ಹಿಂದಿನ ಓಣಿ, ಎಂಟು."

ದಾದಿ ತಟ್ಟನೆ ಅಣ್ಣನತ್ತ ತಿರುಗಿದರು.

"ಅದು ನಮ್ಮ ಹಿತ್ತಿಲ ಬಾಗಿಲು," ಅಂದರು ನಿಧಾನವಾಗಿ. "ಅಣ್ಣನ ಮರಗೆಲಸದ ಕಾರ್ಖಾನೆ ಬಾಗಿಲು."

"ಮುಂದೆ ನಲವತ್ತಾರು, ಹಿಂದೆ ಎಂಟು. ಪಟ್ಟಿಯಲ್ಲಿ ಎರಡು ಮನೆ, ಒಲೆ ಒಂದೇ. ಎಷ್ಟು ವರ್ಷ ಎರಡೂ ನಂಬರಿನ ಕಾಗದ ನಾನೇ ಒಂದೇ ಕೈಗೆ ಕೊಟ್ಟಿಲ್ಲ? ಕಾರ್ಯದರ್ಶಿಗೆ ಅದು ಗೊತ್ತಾಗ್ತಿರಲಿಲ್ಲ. ಊರಿಗೂ ಗೊತ್ತಾಗ್ತಿರಲಿಲ್ಲ. ಆ ಮನೇಲಿ ಹುಟ್ಟಿದ ತಂಗಿಗೆ ಗಾಜಿನ ಮುಂದೆ ನಿಂತ ತಕ್ಷಣ ಗೊತ್ತಾಗ್ತಿತ್ತು. ಕದ್ದವನು ನೀನಪ್ಪ, ಬಡಗಿ. ಚೀಲ ತೆಗಿ."

ಅವನು ಕೂಗಲಿಲ್ಲ. ಬೆಳಗಿನಿಂದ ಊರು ಒಂದು ಮಾಡಿದ ಗಂಟಲು ಅದೇನಾ ಎನಿಸಿತು. ಚೀಲದ ತಳದಿಂದ, ಉಳಿ ಸುತ್ತುವ ಬಟ್ಟೆಯೊಳಗಿಂದ, ನಾಲ್ಕಾಗಿ ಮಡಚಿದ ಹಾಳೆ ತೆಗೆದ. ಮೂಲೆ ಹರಿದಿತ್ತು.

"ಯಾಕೆ?" ಅಂದರು ದಾದಿ.

"ಮೇಲಿನ ಕೋಣೆ," ಅಂದ ಅವನು. "ಮಗಳು ಮಗು ಎತ್ಕೊಂಡು ವಾಪಸ್ ಬಂದಾಗ ಕಟ್ಟಿಸಿದ್ನಲ್ಲ. ಪರವಾನಗಿ ಇಲ್ಲ. ಆ ಕಾಂಟ್ರಾಕ್ಟರ್ ಕಾರ್ಖಾನೆಗೆ ಬಂದ. ಏನೂ ಹೇಳ್ಲಿಲ್ಲ. ತಲೆ ಎತ್ತಿ ಮೇಲಿನ ಕೋಣೆ ನೋಡಿದ, ನಕ್ಕ, ಹಾಳೆ ಮುಂದಿಟ್ಟ. ಸಹಿ ಹಾಕಿದೆ. ಎರಡು ದಿನಕ್ಕೆ ನೀನು ಬಂದೆ, ಅಣ್ಣಾ ಮೊದಲ ಸಹಿ ನಿಂದೇ ಅಂದೆ. ಹೇಗೆ ಇಲ್ಲ ಅನ್ಲಿ? ಅವನ ಹಾಳೆ ಕಿತ್ತರೆ ನಿನಗೂ ಒಳ್ಳೇದು, ನನ್ನ ಮಾನವೂ ಉಳಿಯುತ್ತೆ ಅಂದ್ಕೊಂಡೆ. ಕನ್ನಡಕ ಇರಲಿಲ್ಲ. ನನ್ನ ಸಹಿ ಕಾಣಿಸ್ತು, ಇದೇ ಅಂತ ಕಿತ್ತೆ. ಮನೇಲಿ ಬಿಚ್ಚಿ ನೋಡಿದ್ರೆ ನಿಂದು. ಬೆಳಿಗ್ಗೆ ವಾಪಸ್ ಇಡೋಣ ಅಂತ ಓಡಿ ಬಂದೆ, ಅಷ್ಟರಲ್ಲಿ..."

ಗೋಡೆಯಾಚೆ ಸಭಾಂಗಣದಲ್ಲಿ ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು.

ಬಡಗಿಯೇ ಮೊದಲು ಬಾಯಿಬಿಟ್ಟ. "ಬೀರುವಿನ ಹಿಂದೆ ಬಿದ್ದಿತ್ತು ಅಂದ್ಬಿಡೋಣ. ಯಾರಿಗೂ ಏನೂ ಗೊತ್ತಾಗೋಲ್ಲ. ಹತ್ತು ಸಹಿ ಹತ್ತೇ ಇರುತ್ತೆ. ಕುರ್ಚಿ ನಿಂದೇ."

ಬೀರುವಿನ ಹಿಂದೆ ಬಿದ್ದಿತ್ತು ಅಂದರೆ ಬೀಳಿಸಿದವಳು ನಾನು. ಟೈಪ್ ಆದ ಆದೇಶ ಮೇಜಿನ ಮೇಲೆ ಕಾಯುತ್ತಿತ್ತು. ನಿಜ ಹೇಳಿದರೋ, ಅಣ್ಣನ ಸಹಿ ಎರಡೂ ಕಡೆ ರದ್ದು. ಕಾಂಟ್ರಾಕ್ಟರಿಗೆ ಹನ್ನೊಂದು ಉಳಿಯುತ್ತದೆ, ದಾದಿಗೆ ಒಂಬತ್ತು. ದಾದಿ ಆ ಲೆಕ್ಕ ಹಾಕುತ್ತಿದ್ದದ್ದು ಅವರ ಕಣ್ಣಿನಲ್ಲೇ ಕಾಣುತ್ತಿತ್ತು. ಅವರು ಹಾಳೆ ಮಡಚಿ ಕೈಚೀಲಕ್ಕೆ ಹಾಕಿಕೊಂಡು, ನನ್ನ ಮುಖವನ್ನೂ ನೋಡದೆ ಹೊರಟುಹೋದರು.

"ಅತ್ತೆ, ನೀವೇ ಹೇಳಿಬಿಡಿ," ಅಂದೆ.

"ಕಾಗದ ವಿಳಾಸಕ್ಕೆ ಮುಟ್ಟಿಸಿದ್ದೀನಿ. ಒಡೆದು ಓದೋದು ಅವಳ ಕೆಲಸ," ಅಂದರು ಅತ್ತೆ. "ಅವಳು ಓದದೇ ಇದ್ರೆ ಆಮೇಲೆ ನಾನಿದ್ದೀನಿ. ನಡಿ."

ನಾಲ್ಕಕ್ಕೆ ಸಭೆ ಶುರುವಾಯಿತು. ಕಾರ್ಯದರ್ಶಿಗಳು ಎದ್ದು ಓದಿದರು: "ಗುಮಾಸ್ತೆಯ ತೀವ್ರ ನಿರ್ಲಕ್ಷ್ಯದಿಂದ—"

"ನಿಲ್ಲಿಸಿ," ಎಂದಿತು ಒಂದು ಹೆಣ್ಣು ದನಿ.

ದಾದಿ ನಿಂತಿದ್ದರು. ಹಾಳೆ ಎತ್ತಿ ಹಿಡಿದರು. "ಇದನ್ನ ತೆಗೆದದ್ದು ನಮ್ಮಣ್ಣ. ಎರಡೂ ಹಾಳೇಲಿ ಅವನ ಸಹಿ ಇದೆ. ನಿಯಮದ ಪ್ರಕಾರ ಎರಡನ್ನೂ ಹೊಡೆದುಹಾಕಿ. ಆ ಹುಡುಗಿ ತಪ್ಪು ಮಾಡಿಲ್ಲ." ಹಾಳೆಯನ್ನು ಕಾರ್ಯದರ್ಶಿಗಳ ಮುಂದಿಟ್ಟು, "ನನಗೆ ಒಂಬತ್ತು ಉಳೀತು. ಅದು ನನಗೆ ಗೊತ್ತು," ಎಂದು ಕೂತರು.

ನನಗೆ ಅಳು ಬಂತು. ಈ ಸಲ ಮೂಗು ಒರೆಸಿಕೋ ಎಂದು ಅತ್ತೆ ಹೇಳಲಿಲ್ಲ.

ಜನ ಕೂಗಾಡಿದರು. ಅಧ್ಯಕ್ಷರು ಮೇಜು ಕುಟ್ಟಿದರು. ಐದು ನಿಮಿಷದಲ್ಲಿ ಕಾಂಟ್ರಾಕ್ಟರ್ ಕಟ್ಟಡ ಮಂಡಳಿಯ ನಿವಾಸಿ ಸದಸ್ಯರಾದರು. ಎದ್ದು ನಿಂತು, ಬಡಗಿಯ ಮೇಲೆ ದೂರು ಬೇಡ, ಪಾಪ ಎಂದು ದೊಡ್ಡ ಮನಸ್ಸು ಮಾಡಿದರು. ಬಡಗಿಯ ಮೇಲಿನ ಕೋಣೆ ಈಗ ಅವರ ಮುಷ್ಟಿಯಲ್ಲಿತ್ತು. ದೊಡ್ಡ ಮನಸ್ಸಿಗೆ ಅಡ್ಡಿಯೇನು? ಕಾರ್ಯದರ್ಶಿಗಳು ನನ್ನ ಆದೇಶವನ್ನು ಹರಿಯಲಿಲ್ಲ. ಮಡಚಿ ಡ್ರಾಯರಿನಲ್ಲಿಟ್ಟುಕೊಂಡರು. ಅದನ್ನು ನಾನು ನೋಡಿಕೊಂಡಿದ್ದೇನೆ.

ಹೊರಗೆ ಬಂದಾಗ ಮೆಟ್ಟಿಲು ಖಾಲಿಯಾಗಿತ್ತು. ಕೆಳಗಿನ ಮೆಟ್ಟಿಲಿನಲ್ಲಿ ಅಣ್ಣ ತಲೆ ತಗ್ಗಿಸಿ ಕೂತಿದ್ದ. ದಾದಿ ಅವನನ್ನು ದಾಟಿ ಎರಡು ಹೆಜ್ಜೆ ಹೋಗಿ ನಿಂತರು.

"ನೀನು ಮಂಡಳಿಗೆ ಬಂದಿದ್ರೆ," ಎಂದು ಅವನು ನೆಲಕ್ಕೇ ಕೇಳಿದ, "ನನ್ನ ಕೋಣೆ ಕೆಡವಿಸ್ತಿದ್ಯಾ?"

"ಕೆಡವಿಸ್ತಿದ್ದೆ."

ಅವನು ತಲೆಯಾಡಿಸಿದ. ಅದೇ ಉತ್ತರಕ್ಕೆ ಹೆದರಿ ಅವನು ಕಾಂಟ್ರಾಕ್ಟರ್ ಬಂದದ್ದನ್ನು ತಂಗಿಗೆ ಹೇಳಿರಲಿಲ್ಲ.

"ಕೆಡವಿದ ದಿನ ಸಂಜೆಗೇ," ಅಂದರು ದಾದಿ, "ನಿನ್ನ ಮಗಳನ್ನೂ ಮಗೂನೂ ನಮ್ಮನೆಗೆ ಕರ್ಕೊಂಡು ಹೋಗ್ತಿದ್ದೆ. ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲೋ, ಅಣ್ಣಾ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅತ್ತೆ ನನ್ನ ಮೊಣಕೈ ಹಿಡಿದು, ನಾವು ನಿಂತು ನೋಡಬಾರದ್ದು ಎನ್ನುವ ಹಾಗೆ, ಬೇರೆ ದಾರಿಯಿಂದ ಮನೆಗೆ ಕರೆದುಕೊಂಡು ಹೋದರು.